ನದಿಯಿಲ್ಲದ ನಾಡಿನಲ್ಲಿ ನೀರಿನ ಕೆಲಸ: ಕತಾರಿನ ನೆಲ, ಸವೆತ ಮತ್ತು ಇಂದಿನ ಪ್ರಶ್ನೆಗಳು

2024ರ ಏಪ್ರಿಲ್ 16ರಂದು ಕೊಲ್ಲಿ ಪ್ರದೇಶದಲ್ಲಿ ಸುರಿದ ಮಳೆಯ ದೃಶ್ಯಗಳನ್ನು ಜಗತ್ತೇ ನೋಡಿತು. ದುಬೈ ವಿಮಾನ ನಿಲ್ದಾಣದ ರನ್‌ವೇ ಕೆರೆಯಂತೆ ಕಾಣುತ್ತಿತ್ತು. ಅಲ್ಲಿ ಒಂದು ದಿನದಲ್ಲಿ ಸುಮಾರು 142 ಮಿ.ಮೀ. ಮಳೆ ಬಿದ್ದರೆ, ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 254 ಮಿ.ಮೀ. ದಾಖಲಾಯಿತು. ಒಮಾನಿನ ಕಣಿವೆಗಳಲ್ಲಿ ಏಕಾಏಕಿ ನುಗ್ಗಿದ ಪ್ರವಾಹಕ್ಕೆ ಶಾಲಾ ಮಕ್ಕಳೂ ಬಲಿಯಾದರು. ಊರಿನಿಂದ ಕರೆ ಮಾಡಿದ ಬಂಧುಗಳೆಲ್ಲ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ಮರಳುಗಾಡಿನಲ್ಲಿ ಇಷ್ಟು ಮಳೆ ಹೇಗೆ? ಮೋಡಬಿತ್ತನೆಯೇ ಇದಕ್ಕೆ ಕಾರಣವೆಂಬ ಮಾತು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು. ಹವಾಮಾನ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಎಲ್ ನಿನೊ ವರ್ಷಗಳಲ್ಲಿ ಈ ಪ್ರದೇಶದ ಅತಿವೃಷ್ಟಿಯ ತೀವ್ರತೆ ಶೇಕಡ 10ರಿಂದ 40ರಷ್ಟು ಹೆಚ್ಚಿದೆ ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡದ ಅಧ್ಯಯನ ತಿಳಿಸಿತು.

ಮಳೆ ಏಕೆ ಬಂತು ಎಂಬ ಚರ್ಚೆ ಬೇಕಾದಷ್ಟು ನಡೆಯಿತು. ಬಂದ ನೀರು ಎಲ್ಲಿ ನಿಂತಿತು, ಅಲ್ಲಿಯೇ ಏಕೆ ನಿಂತಿತು ಎಂಬ ಚರ್ಚೆ ಅಷ್ಟಾಗಿ ನಡೆಯಲಿಲ್ಲ. ಮೊದಲನೆಯ ಪ್ರಶ್ನೆಗೆ ಆಕಾಶವನ್ನು ಓದಬೇಕು, ಎರಡನೆಯದಕ್ಕೆ ನೆಲವನ್ನು ಓದಬೇಕು. ಹಲವು ವರ್ಷಗಳಿಂದ ದೋಹಾದಲ್ಲಿ ನೆಲೆಸಿ, ಕಟ್ಟಡಗಳ ಬುನಾದಿಗೆ ಮೊದಲು ನೆಲವನ್ನು ಕೊರೆದು ಪರೀಕ್ಷಿಸುವ ಕೆಲಸದ ಸಮೀಪದಲ್ಲಿಯೇ ಇರುವ ನನಗೆ ಈ ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯವೆಂದು ತೋರುತ್ತದೆ. ಕತಾರ್ ಚಪ್ಪಟೆಯಾದ, ಮರಳು ತುಂಬಿದ, ನೀರಿನ ಗುರುತೇ ಇಲ್ಲದ ನೆಲವೆಂಬುದು ಸಾಮಾನ್ಯ ಕಲ್ಪನೆ. ಈ ನೆಲದ ಮೇಲ್ಮೈಯನ್ನು ರೂಪಿಸಿದ್ದರಲ್ಲಿ ಬಹುಪಾಲು ನೀರಿನದೇ ಎಂಬುದನ್ನೂ, ಗಾಳಿ ಮತ್ತು ಉಪ್ಪು ಆ ಕೆಲಸವನ್ನು ಇಂದಿಗೂ ಮುಂದುವರಿಸುತ್ತಿವೆ ಎಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಶಿಥಿಲೀಕರಣ ಮತ್ತು ಸವೆತ

ಶಾಲೆಯ ಭೂಗೋಳ ಪಾಠದಲ್ಲಿ ನಾವೆಲ್ಲರೂ ಓದಿದ ಎರಡು ಪದಗಳನ್ನು ಇಲ್ಲಿ ನೆನಪಿಸಿಕೊಳ್ಳುವುದು ಉಚಿತ. ಶಿಲೆಯು ತಾನಿದ್ದಲ್ಲಿಯೇ ಒಡೆಯುವುದು, ಕೊಳೆಯುವುದು, ಕರಗುವುದು ಶಿಥಿಲೀಕರಣ. ಹಾಗೆ ಸಡಿಲಗೊಂಡ ಪದಾರ್ಥವನ್ನು ನೀರು, ಗಾಳಿ ಅಥವಾ ಅಲೆಗಳು ಕಿತ್ತು ಬೇರೆಡೆಗೆ ಒಯ್ಯುವುದು ಸವೆತ. ಮೊದಲನೆಯದು ಸ್ಥಳದಲ್ಲಿಯೇ ನಡೆಯುವ ಕ್ರಿಯೆ, ಎರಡನೆಯದು ಸಾಗಾಟ. ಸಾಗಿಸಿದ್ದು ಎಲ್ಲಿಯಾದರೂ ತಂಗಲೇಬೇಕು. ಅದು ಸಂಚಯನ. ಹೀಗೆ ಒಂದು ನೆಲದ ರೂಪವೆಂದರೆ ಈ ಮೂರರ ಜಮಾಖರ್ಚು. ಒಂದು ಕಡೆ ಖರ್ಚಾದದ್ದು ಇನ್ನೊಂದು ಕಡೆ ಜಮೆಯಾಗಿರುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,500 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ದೋಹಾದ ವಾರ್ಷಿಕ ಸರಾಸರಿ ಸುಮಾರು 75 ಮಿ.ಮೀ. ನೂರು ಪಟ್ಟಿನ ಈ ಅಂತರವನ್ನು ನೋಡಿದವರು ಇಲ್ಲಿ ನೀರಿನ ಕೆಲಸ ಶೂನ್ಯವೆಂದೇ ಭಾವಿಸುತ್ತಾರೆ. ಎರಡು ಸಂಗತಿಗಳು ಈ ಊಹೆಯನ್ನು ಸುಳ್ಳಾಗಿಸುತ್ತವೆ. ಒಂದು, ಇಲ್ಲಿನ ಹವಾಗುಣ ಸದಾ ಹೀಗೆಯೇ ಇರಲಿಲ್ಲ. ಇನ್ನೊಂದು, ಇಲ್ಲಿನ ಕಲ್ಲು ನೀರಿಗೆ ಬೇಗ ಸೋಲುವ ಕಲ್ಲು.

ಕರಗುವ ಕಲ್ಲು, ತಗ್ಗಿದ ನೆಲ

ಸುಮಾರು 11,600 ಚದರ ಕಿ.ಮೀ. ವಿಸ್ತೀರ್ಣದ ಈ ಪರ್ಯಾಯ ದ್ವೀಪದ ಅತ್ಯುನ್ನತ ಸ್ಥಳವಾದ ಕುರೈನ್ ಅಬು ಅಲ್ ಬೌಲ್ ಸಮುದ್ರಮಟ್ಟದಿಂದ ಕೇವಲ 103 ಮೀಟರ್ ಎತ್ತರದಲ್ಲಿದೆ. ನಮ್ಮ ಚಾಮುಂಡಿ ಬೆಟ್ಟವು ಮೈಸೂರು ನಗರದ ಮಟ್ಟದಿಂದ ಇದರ ಎರಡು ಪಟ್ಟಿಗಿಂತ ಹೆಚ್ಚು ಎತ್ತರಕ್ಕೆ ಏರಿದೆ. ನೆಲದ ಮೇಲೆ ಕಾಣುವ ಶಿಲೆಯ ಬಹುಭಾಗ ಈಯೊಸೀನ್ ಯುಗದ್ದು, ಅಂದರೆ ಸುಮಾರು ನಾಲ್ಕೈದು ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಬೆಚ್ಚಗಿನ ಕಡಲಿನ ತಳದಲ್ಲಿ ಪದರಪದರವಾಗಿ ಕೂಡಿಕೊಂಡ ಸುಣ್ಣಕಲ್ಲು ಮತ್ತು ಡಾಲಮೈಟ್. ಮೇಲಿನದನ್ನು ದಮ್ಮಾಮ್ ಶಿಲಾಸ್ತರವೆಂದೂ, ಅದರಡಿಯ ಜಿಪ್ಸಮ್ ಬೆರೆತದ್ದನ್ನು ರುಸ್ ಶಿಲಾಸ್ತರವೆಂದೂ ಕರೆಯುತ್ತಾರೆ. ದೋಹಾದಲ್ಲಿ ಕಟ್ಟಡ ನಿರ್ಮಾಣದಲ್ಲಿರುವ ಕನ್ನಡಿಗ ಎಂಜಿನಿಯರುಗಳಿಗೆ ಸಿಮ್ಸಿಮಾ ಸುಣ್ಣಕಲ್ಲು ಎಂಬ ಹೆಸರು ಚಿರಪರಿಚಿತ. ಅದು ಈ ದಮ್ಮಾಮ್ ಸ್ತರದ ಮೇಲ್ಭಾಗ. 2019ರಲ್ಲಿ ಸಂಚಾರ ಆರಂಭಿಸಿದ ದೋಹಾ ಮೆಟ್ರೋದ ಸುರಂಗಗಳು ಸಿಮ್ಸಿಮಾ, ಅದರ ಕೆಳಗಿನ ಮಿದ್ರಾ ಜೇಡಿಶಿಲೆ ಮತ್ತು ರುಸ್ ಎಂಬ ಈ ಮೂರು ಪದರಗಳನ್ನು ಹಾದುಹೋಗುತ್ತವೆ.

ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರ ಮೃದುವಾದ ಆಮ್ಲವಾಗುತ್ತದೆ. ಈ ಆಮ್ಲ ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಜಿಪ್ಸಮ್ ಕರಗುವುದಕ್ಕೆ ಆಮ್ಲವೂ ಬೇಕಿಲ್ಲ, ಬರಿಯ ನೀರೇ ಸಾಕು. ಒಂದು ಲೀಟರ್ ನೀರಿನಲ್ಲಿ ಎರಡು ಗ್ರಾಮಿಗೂ ಹೆಚ್ಚು ಜಿಪ್ಸಮ್ ಕರಗಬಲ್ಲುದು, ಇದು ಸುಣ್ಣಕಲ್ಲಿನ ಕರಗುವಿಕೆಗಿಂತ ಎಷ್ಟೋ ಪಟ್ಟು ಹೆಚ್ಚು. ಹಿಮಯುಗಗಳ ನಡುವಣ ಆರ್ದ್ರ ಕಾಲಘಟ್ಟಗಳಲ್ಲಿ ಅರೇಬಿಯದಲ್ಲಿ ಇಂದಿಗಿಂತ ಹೆಚ್ಚು ಮಳೆಯಾಗುತ್ತಿತ್ತು. ಆಗ ಬಿರುಕುಗಳಲ್ಲಿ ಇಳಿದ ನೀರು ಕೆಳಗಿನ ಜಿಪ್ಸಮನ್ನು ಕರಗಿಸಿ ಒಯ್ದಿತು. ಒಳಗೆ ಪೊಳ್ಳಾದಾಗ ಮೇಲಿನ ಸುಣ್ಣಕಲ್ಲಿನ ಚಪ್ಪಡಿ ಕುಸಿಯಿತು. ಕೆಲವೆಡೆ ಗುಹೆಗಳಾದವು. ಹೆಚ್ಚಿನ ಕಡೆ ನೆಲ ತಟ್ಟೆಯಂತೆ ಮೆಲ್ಲಗೆ ತಗ್ಗಿತು. ಇಂಥ ಭೂರೂಪಕ್ಕೆ ಭೂವಿಜ್ಞಾನದಲ್ಲಿ ಕಾರ್ಸ್ಟ್ ಎಂದು ಹೆಸರು. ನಮ್ಮ ಉತ್ತರ ಕನ್ನಡದ ಯಾಣದ ಕರಿಯ ಶಿಖರಗಳೂ ಸುಣ್ಣಕಲ್ಲಿನವೇ. ಅಲ್ಲಿ ಕರಗದೆ ಉಳಿದದ್ದು ಎದ್ದು ನಿಂತು ಕಾಣುತ್ತದೆ, ಇಲ್ಲಿ ಕರಗಿಹೋದದ್ದು ಗುಳಿಯಾಗಿ ಕಾಣುತ್ತದೆ.

ನಾಡಿನ ಮಧ್ಯಭಾಗದಲ್ಲಿರುವ ದಹಲ್ ಅಲ್ ಮಿಸ್ಫಿರ್ ಎಂಬ ಗುಹೆ ಸುಮಾರು 40 ಮೀಟರ್ ಆಳಕ್ಕೆ ಇಳಿಯುತ್ತದೆ. ಅದರ ಗೋಡೆಗಳಲ್ಲಿ ಜಿಪ್ಸಮ್ ಹರಳುಗಳಿವೆ. ವಾರಾಂತ್ಯದಲ್ಲಿ ಮಕ್ಕಳನ್ನು ಕರೆದೊಯ್ದು ಅದರ ಬಾಯಲ್ಲಿ ಚಿತ್ರ ತೆಗೆಸಿಕೊಳ್ಳುವ ಕುಟುಂಬಗಳು ಅನೇಕ. ಒಂದು ನದಿಯೂ ಇಲ್ಲದ ನಾಡಿನಲ್ಲಿ ಈ ಬಿಲವನ್ನು ಕೊರೆದದ್ದು ನೀರು ಎಂಬುದನ್ನು ಮಕ್ಕಳಿಗೆ ಅಲ್ಲಿಯೇ ನಿಂತು ಹೇಳಬಹುದು.

ಊರ ಹೆಸರುಗಳು ಹೇಳುವ ಭೂಗೋಳ

ತಟ್ಟೆಯಾಕಾರದ ಆ ತಗ್ಗುಗಳಿಗೆ ಅರಬ್ಬಿಯಲ್ಲಿ ರೌದಾ ಎನ್ನುತ್ತಾರೆ. ತೋಟ, ಹಸಿರು ನೆಲ ಎಂದು ಅದರ ಅರ್ಥ. ಇಂಥ ತಗ್ಗುಗಳು ಕತಾರಿನ ಉದ್ದಗಲಕ್ಕೂ ಹರಡಿವೆ. ಅಪರೂಪಕ್ಕೆ ಮಳೆ ಬಂದಾಗ ಸುತ್ತಲಿನ ಕಲ್ಲುನೆಲದಿಂದ ಹರಿಯುವ ನೀರು ನುಣುಪಾದ ಜೇಡಿಮಣ್ಣನ್ನು ಹೊತ್ತು ತಂದು ಅಲ್ಲಿ ಬಿಡುತ್ತದೆ. ಹೀಗೆ ಸುತ್ತಲಿನ ಸವೆತವೇ ರೌದಾದ ಮಣ್ಣು. ಕತಾರಿನಲ್ಲಿ ಬೇಸಾಯಕ್ಕೆ ಒದಗುವ ನೆಲ ಬಹುಮಟ್ಟಿಗೆ ಇದೊಂದೇ. ಇದೇ ತಗ್ಗಿನ ಮೂಲಕ ನೀರು ಇಂಗಿ ಅಂತರ್ಜಲವನ್ನು ಸೇರುತ್ತದೆ. ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಸಿಹಿನೀರಿನ ಪದರ ಉತ್ತರ ಕತಾರಿನಲ್ಲಿ ಉಳಿದುಬಂದದ್ದು ಈ ತಗ್ಗುಗಳ ದಯೆಯಿಂದ.

ದೋಹಾದ ಬಡಾವಣೆಗಳ ಹೆಸರುಗಳನ್ನು ಈ ದೃಷ್ಟಿಯಿಂದ ಓದಬೇಕು. ರೌದತ್ ಅಲ್ ಖೈಲ್ ಎಂದರೆ ಕುದುರೆಗಳ ಹಸಿರುತಗ್ಗು. ವಾದಿ ಅಲ್ ಸೈಲ್ ಎಂದರೆ ಪ್ರವಾಹದ ಕಣಿವೆ. ದಹಲ್ ಅಲ್ ಹಮಾಮ್ ಎಂಬುದು ಒಂದು ನೈಸರ್ಗಿಕ ಗುಹೆಯ ಹೆಸರು, ಅದರ ಸುತ್ತ ಈಗ ಉದ್ಯಾನವಿದೆ. ನಗರದ ನಟ್ಟನಡುವಿನ ಮ್ಶೈರಿಬ್ ಎಂಬ ಹೆಸರಿಗೆ ಕುಡಿಯುವ ನೀರಿನ ತಾಣವೆಂಬ ಅರ್ಥವಿದೆ. ಅಲ್ಲಿ ಹಾದುಹೋಗುವ ವಾದಿ ಮ್ಶೈರಿಬ್ ಎಂಬ ರಸ್ತೆ ಹೆಸರೇ ಹೇಳುವಂತೆ ಹಳೆಯ ಮಳೆಹಳ್ಳದ ಜಾಡು. ಈ ಹೆಸರುಗಳನ್ನು ಇಟ್ಟವರು ಭೂವಿಜ್ಞಾನ ಓದಿದವರಲ್ಲ. ಮಳೆ ಬಂದಾಗ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಲೆಮಾರುಗಳ ಕಾಲ ಕಂಡವರು.

2015ರ ನವೆಂಬರ್ 25ರಂದು ಸುಮಾರು ಒಂದು ವರ್ಷದ ಮಳೆ ಕೆಲವೇ ಗಂಟೆಗಳಲ್ಲಿ ಬಿತ್ತು. ರಸ್ತೆಗಳು, ಶಾಲೆಗಳು, ಅಂಗಡಿ ಮಳಿಗೆಗಳು ಜಲಾವೃತವಾದವು, ಸರ್ಕಾರ ತನಿಖೆಗೆ ಆದೇಶಿಸಿತು. 2018ರ ಅಕ್ಟೋಬರ್ 20ರಂದು ಮತ್ತೆ ಅದೇ ಪುನರಾವರ್ತನೆಯಾಯಿತು. ಎರಡೂ ಸಂದರ್ಭಗಳಲ್ಲಿ ನಾನು ಕೇಳಿದ ವಿವರಣೆ ಒಂದೇ: ಚರಂಡಿ ಸಾಲಲಿಲ್ಲ. ಅದು ನಿಜ, ಆದರೆ ಅರ್ಧ ನಿಜ. ಬೆಟ್ಟಗುಡ್ಡಗಳ ನಾಡಿನಲ್ಲಿ ನೀರು ಕೊನೆಗೆ ಒಂದು ಹೊಳೆಗೆ ಸೇರುತ್ತದೆ. ಕಾರ್ಸ್ಟ್ ನೆಲದಲ್ಲಿ ಒಂದೊಂದು ತಗ್ಗೂ ತನ್ನಷ್ಟಕ್ಕೇ ಒಂದು ಮುಚ್ಚಿದ ಜಲಾನಯನ. ಅದಕ್ಕೆ ಹೊರಹರಿವಿಲ್ಲ, ಒಳಹರಿವು ಮಾತ್ರ ಉಂಟು. ಇಂಗುವುದು ಅಥವಾ ಆವಿಯಾಗುವುದು ಎಂಬ ಎರಡೇ ದಾರಿಗಳಿರುವ ನೀರಿನ ಮೇಲೆ ಡಾಂಬರು ಮತ್ತು ಕಾಂಕ್ರೀಟು ಹಾಸಿದರೆ ಮೊದಲನೆಯ ದಾರಿ ಮುಚ್ಚಿಹೋಗುತ್ತದೆ.

ಬೆಂಗಳೂರನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಬಂತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಐಟಿ ಸಂಸ್ಥೆಗಳ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿ ತಲುಪಿದ್ದನ್ನು ನಾವೆಲ್ಲ ದೂರದಿಂದ ನೋಡಿದೆವು. ಬೆಂಗಳೂರಿನ ತಗ್ಗುಗಳಿಗೆ ಏರಿ ಕಟ್ಟಿ ಕೆರೆಯಾಗಿಸಿದ್ದು ಮನುಷ್ಯ, ದೋಹಾದ ತಗ್ಗುಗಳನ್ನು ಮಾಡಿದ್ದು ಕರಗಿದ ಜಿಪ್ಸಮ್. ಹೆಸರಿನಲ್ಲಿ ಉಳಿದ ನೀರನ್ನು ನಕ್ಷೆಯಲ್ಲಿ ಮರೆತ ಬಗೆ ಮಾತ್ರ ಎರಡೂ ಕಡೆ ಒಂದೇ.

ನಗರದಡಿ ಏರುವ ನೀರು, ತೋಟದಡಿ ಇಳಿಯುವ ನೀರು

ಇಂದಿನ ಕತಾರಿನ ಅಂತರ್ಜಲದ ಸ್ಥಿತಿಯಲ್ಲಿ ಒಂದು ವಿಪರ್ಯಾಸವಿದೆ. ಉತ್ತರದ ತೋಟಗಳ ಕೆಳಗೆ ಮಳೆಯಿಂದ ಮರುಪೂರಣವಾಗುವುದಕ್ಕಿಂತ ಹಲವು ಪಟ್ಟು ನೀರನ್ನು ದಶಕಗಳಿಂದ ಎತ್ತಲಾಗಿದೆ. ಸಿಹಿನೀರಿನ ಪದರ ತೆಳುವಾದಂತೆ ಕಡಲಿನ ಮತ್ತು ಆಳದ ಉಪ್ಪುನೀರು ಒಳನುಗ್ಗುತ್ತದೆ. ಅದೇ ಹೊತ್ತಿಗೆ ದೋಹಾ ನಗರದಡಿಯ ನೀರಿನ ಮಟ್ಟ ಏರುತ್ತ ಬಂದಿದೆ. ಕಡಲಿನಿಂದ ಉಪ್ಪು ತೆಗೆದು ಮಾಡಿದ ಕುಡಿಯುವ ನೀರು ಕೊಳವೆಗಳಿಂದ ಸೋರುತ್ತದೆ. ಉದ್ಯಾನ ಮತ್ತು ರಸ್ತೆಬದಿಯ ಹಸಿರಿಗೆ ಹಾಯಿಸಿದ ನೀರು ಇಂಗುತ್ತದೆ. ಒಳಚರಂಡಿಯ ಸೋರಿಕೆಯೂ ಸೇರುತ್ತದೆ. ಸಾವಿರಾರು ವರ್ಷಗಳಿಂದ ಒಣಗಿದ್ದ ನೆಲಕ್ಕೆ ಮನುಷ್ಯನೇ ಒಂದು ಕೃತಕ ಮಳೆಗಾಲವನ್ನು ತಂದಂತಾಗಿದೆ.

ಇದರಿಂದ ನೆಲಮಾಳಿಗೆಗಳಲ್ಲಿ ನೀರು ಒಸರುವುದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಶಿಥಿಲೀಕರಣಕ್ಕೆ ಸಂಬಂಧಿಸಿದ್ದು. ಹೊಸ ನೀರು ಚಲಿಸಿದಲ್ಲೆಲ್ಲ ಜಿಪ್ಸಮ್ ಕರಗುವ ಕೆಲಸ ಮತ್ತೆ ಆರಂಭವಾಗುತ್ತದೆ. ಕೊರೆದು ತೆಗೆದ ಶಿಲೆಯ ಕಂಬಗಳನ್ನು ಉದ್ದನೆಯ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಾಗ ನಡುನಡುವೆ ಖಾಲಿ ಉಳಿಯುವ ಅಡಿಗಳನ್ನು ನಾನು ಕಂಡಿದ್ದೇನೆ. ಕೊರೆಯುವ ಯಂತ್ರ ಆ ಸ್ಥಳದಲ್ಲಿ ತಡೆಯಿಲ್ಲದೆ ಕೆಳಗಿಳಿದಿರುತ್ತದೆ, ಏಕೆಂದರೆ ಅಲ್ಲಿ ಕಲ್ಲೇ ಇಲ್ಲ. ಅಂಥ ಪೊಳ್ಳುಗಳಲ್ಲಿ ಬಹುಪಾಲು ಪುರಾತನವಾದವು. ಅವನ್ನು ಹುಡುಕಿ, ಸಿಮೆಂಟು ಗಾರೆಯನ್ನು ಒತ್ತಡದಿಂದ ತುಂಬಿ, ಬುನಾದಿ ಹಾಕುವುದು ಇಲ್ಲಿ ರೂಢಿಯ ಕ್ರಮ. ಆದರೆ ಒಂದು ಕಟ್ಟಡದ ಕೆಳಗೆ ಒಮ್ಮೆ ಮಾಡಿದ ಪರೀಕ್ಷೆ ಎಂದೆಂದಿಗೂ ಸಾಕಾಗಬೇಕಾದರೆ ಅದರ ಕೆಳಗಿನ ನೀರು ಹಾಗೆಯೇ ನಿಂತಿರಬೇಕು. ನೀರಿನ ಮಟ್ಟ ಬದಲಾಗುತ್ತಿರುವ ನಗರದಲ್ಲಿ ಆ ಭರವಸೆ ಸಡಿಲವಾಗುತ್ತದೆ.

ಸಾರ್ವಜನಿಕ ಕಾಮಗಾರಿಗಳ ಪ್ರಾಧಿಕಾರವಾದ ಅಶ್ಗಾಲ್ ಈ ಕಾರಣದಿಂದಲೇ ಮಳೆನೀರನ್ನೂ ಏರಿದ ಅಂತರ್ಜಲವನ್ನೂ ಒಟ್ಟಿಗೆ ಹೊರಹಾಕುವ ಆಳದ ಸುರಂಗಗಳನ್ನು ನಿರ್ಮಿಸಿತು. ಅಬು ಹಮೂರ್ ಕಡೆಯಿಂದ ಬರುವ ಸುರಂಗ, ಮುಸೈಮೀರ್ ಪಂಪಿಂಗ್ ಕೇಂದ್ರ, ಅಲ್ಲಿಂದ ಕಡಲ ತಳದಡಿಯಲ್ಲಿ ಸುಮಾರು 10 ಕಿ.ಮೀ. ದೂರ ಸಾಗುವ ಹೊರಹರಿವಿನ ಸುರಂಗ ಇವು ಆ ವ್ಯವಸ್ಥೆಯ ಮುಖ್ಯ ಅಂಗಗಳು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ದೊಡ್ಡ ಸಾಧನೆಯೇ. ಇನ್ನೊಂದು ದೃಷ್ಟಿಯಿಂದ ನೋಡಿದರೆ, ಹೊರಹರಿವಿಲ್ಲದ ಭೂಪ್ರದೇಶಕ್ಕೆ ಮನುಷ್ಯ ಮೊದಲ ಬಾರಿಗೆ ಒಂದು ನದಿಯನ್ನು ಮಾಡಿಕೊಟ್ಟಿದ್ದಾನೆ, ಅದು ಭೂಗತವಾಗಿದೆ ಅಷ್ಟೆ.

ಗಾಳಿ ಮತ್ತು ಮರಳಿನ ಲೆಕ್ಕ

ವಾಯುವ್ಯದಿಂದ ಬೀಸುವ ಶಮಾಲ್ ಗಾಳಿ ಇಲ್ಲಿನ ಜೂನ್, ಜುಲೈ ತಿಂಗಳುಗಳನ್ನು ಆಳುತ್ತದೆ. ಶಮಾಲ್ ಎಂಬ ಪದಕ್ಕೆ ಉತ್ತರ ದಿಕ್ಕು ಎಂದೇ ಅರ್ಥ. ಕತಾರಿನ ಮರಳುದಿಬ್ಬಗಳೆಲ್ಲ ಏಕೆ ಆಗ್ನೇಯದಲ್ಲಿ, ಮೆಸಯೀದ್ ಮತ್ತು ಖೋರ್ ಅಲ್ ಅದೈದ್ ಕಡೆ ಗುಂಪುಗೂಡಿವೆ, ಉತ್ತರಾರ್ಧ ಏಕೆ ಬೋಳು ಕಲ್ಲುನೆಲವಾಗಿದೆ ಎಂಬುದಕ್ಕೆ ಈ ಗಾಳಿಯ ದಿಕ್ಕಿನಲ್ಲಿಯೇ ಉತ್ತರವಿದೆ.

ಸುಮಾರು 20,000 ವರ್ಷಗಳ ಹಿಂದೆ, ಕೊನೆಯ ಹಿಮಯುಗ ಪರಾಕಾಷ್ಠೆಯಲ್ಲಿದ್ದಾಗ, ಜಗತ್ತಿನ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಕೊಲ್ಲಿಯ ಸರಾಸರಿ ಆಳ 35 ಮೀಟರಿನಷ್ಟು ಮಾತ್ರ, ಆದ್ದರಿಂದ ಆಗ ಅದು ಒಣಗಿದ ಬಯಲಾಗಿತ್ತು. ಆ ಬಯಲಿನ ಮರಳನ್ನು ಶಮಾಲ್ ಹೊತ್ತು ತಂದು ಈ ಪರ್ಯಾಯ ದ್ವೀಪದ ಮೇಲೆ ಸುರಿಯಿತು. ಹಿಮ ಕರಗಿ ಕಡಲು ಮರಳಿ ಏರಿತು. ಸುಮಾರು ಆರೇಳು ಸಾವಿರ ವರ್ಷಗಳ ಹಿಂದೆ ಅದು ಇಂದಿನ ಮಟ್ಟವನ್ನು ತಲುಪುವ ಹೊತ್ತಿಗೆ ಮರಳಿನ ಮೂಲ ನೀರಿನಲ್ಲಿ ಮುಳುಗಿಹೋಗಿತ್ತು. ಅಂದಿನಿಂದ ಕತಾರಿನ ಮರಳಿಗೆ ಖರ್ಚು ಉಂಟು, ಜಮೆ ಇಲ್ಲ. ಅರ್ಧಚಂದ್ರಾಕಾರದ ದಿಬ್ಬಗಳು ಗಾಳಿಯ ಜೊತೆ ಸರಿಯುತ್ತ ಹೋಗುತ್ತವೆ. ದೊಡ್ಡವು ನಿಧಾನ, ಚಿಕ್ಕವು ವರ್ಷಕ್ಕೆ ಹತ್ತಾರು ಮೀಟರ್ ಸಾಗಬಲ್ಲವು. ಕೊನೆಗೆ ಆಗ್ನೇಯದ ತೀರದಲ್ಲಿ ಅವು ಕಡಲಿಗೆ ಇಳಿಯುತ್ತವೆ. ಸೀಲೈನ್ ಬಳಿ ದಿಬ್ಬವೇರಿ ಸೂರ್ಯಾಸ್ತ ನೋಡುವ ನಾವು ನಿಂತಿರುವುದು ತುಂಬಿಕೊಡುವವರಿಲ್ಲದ ದಾಸ್ತಾನಿನ ಮೇಲೆ.

ಇದೇ ಮರಳು ಕಟ್ಟಡ ಉದ್ಯಮಕ್ಕೂ ಬೇಕು. ಇಲ್ಲಿನ ಮರಳನ್ನು ನೀರಿನಲ್ಲಿ ತೊಳೆದು ಉಪ್ಪು ಮತ್ತು ಧೂಳು ತೆಗೆದ ಬಳಿಕವೇ ಕಾಂಕ್ರೀಟಿಗೆ ಬಳಸುತ್ತಾರೆ. ಜಲ್ಲಿಯ ವಿಷಯದಲ್ಲಿ ಸ್ಥಿತಿ ಇನ್ನೂ ಕಷ್ಟದ್ದು. ಸ್ಥಳೀಯ ಸುಣ್ಣಕಲ್ಲು ಮೃದುವಾದ್ದರಿಂದ ಗಟ್ಟಿ ಕಾಂಕ್ರೀಟಿಗೆ ಬೇಕಾದ ಗ್ಯಾಬ್ರೋ ಎಂಬ ಅಗ್ನಿಶಿಲೆಯನ್ನು ಒಮಾನ್ ಮತ್ತು ಎಮಿರೇಟ್ಸಿನ ಹಜರ್ ಪರ್ವತಗಳಿಂದ ಹಡಗಿನಲ್ಲಿ ತರಿಸಬೇಕು. 2017ರ ಜೂನ್ 5ರಂದು ನೆರೆಯ ದೇಶಗಳು ದಿಗ್ಬಂಧನ ಹೇರಿದಾಗ ಅಂಗಡಿಗಳಲ್ಲಿ ಹಾಲು ಸಿಗುವುದೇ ಎಂಬ ಆತಂಕ ಸುದ್ದಿಯಾಯಿತು. ನಿರ್ಮಾಣ ಕ್ಷೇತ್ರದಲ್ಲಿದ್ದ ನಮಗೆ ಗ್ಯಾಬ್ರೋ ಬರುವುದೇ ಎಂಬ ಆತಂಕವೂ ಅಷ್ಟೇ ದೊಡ್ಡದಾಗಿತ್ತು. ಒಮಾನಿನ ಮೂಲಕ ದಾರಿ ತೆರೆದುಕೊಂಡಿತು, 2021ರ ಜನವರಿಯ ಅಲ್ ಉಲಾ ಒಪ್ಪಂದದಿಂದ ದಿಗ್ಬಂಧನವೂ ಮುಗಿಯಿತು. ಆದರೆ ಒಂದು ನಾಡು ತನ್ನ ಗೋಪುರಗಳನ್ನು ತನ್ನದೇ ಕಲ್ಲಿನಿಂದ ಕಟ್ಟಲಾರದು ಎಂಬ ಸತ್ಯ ಆಗ ಬಯಲಾಯಿತು. ಅನಿಲ ಸಂಪತ್ತಿನಲ್ಲಿ ಅಗ್ರಪಂಕ್ತಿಯಲ್ಲಿರುವ ದೇಶವೊಂದು ಕಲ್ಲಿನ ವಿಷಯದಲ್ಲಿ ಪರಾವಲಂಬಿ ಎಂಬುದು ಭೂವಿಜ್ಞಾನದ ತೀರ್ಪು.

ಉಪ್ಪಿನ ಕೈವಾಡ

ಪಶ್ಚಿಮ ತೀರದ ಜೆಕ್ರೀತಿಗೆ ಹೋದವರು ಅಲ್ಲಿನ ಚಪ್ಪಟೆ ನೆತ್ತಿಯ ಗುಡ್ಡಗಳನ್ನೂ ಅಣಬೆ ಶಿಲೆಗಳನ್ನೂ ನೋಡಿರುತ್ತಾರೆ. ಅಣಬೆ ಶಿಲೆಯನ್ನು ಗಾಳಿಯೇ ಕೊರೆಯುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತದ್ದು ತಪ್ಪಲ್ಲ, ಆದರೆ ಅಪೂರ್ಣ. ಗಾಳಿ ಎತ್ತಿದ ಮರಳಿನ ಹೊಡೆತ ನೆಲದ ಸಮೀಪದಲ್ಲಿ ಹೆಚ್ಚು, ಆದ್ದರಿಂದ ಬುಡ ಸವೆಯುತ್ತದೆ. ಅದಕ್ಕೂ ಮೊದಲು ಬುಡದ ಕಲ್ಲನ್ನು ಮೆದುವಾಗಿಸುವುದು ಬಹಳಷ್ಟು ಸಲ ಉಪ್ಪು. ತಗ್ಗಿನ ಕರಾವಳಿಯಲ್ಲಿ ಉಪ್ಪು ಅಂತರ್ಜಲ ಮೇಲ್ಮೈಗೆ ತೀರ ಹತ್ತಿರವಿರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಕಲ್ಲು ಆ ನೀರನ್ನು ಮೇಲಕ್ಕೆ ಹೀರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಕಲ್ಲಿನ ರಂಧ್ರಗಳಲ್ಲಿಯೇ ಹರಳುಗಟ್ಟುತ್ತದೆ. ಬೆಳೆಯುವ ಹರಳು ಕಲ್ಲನ್ನು ಒಳಗಿನಿಂದ ನೂಕಿ ಕಣಕಣವಾಗಿ ಉದುರಿಸುತ್ತದೆ. ಹೀಗೆ ಶಿಥಿಲವಾದದ್ದನ್ನು ಗಾಳಿ ಒಯ್ಯುತ್ತದೆ.

ಸಬ್ಖಾ ಎಂದು ಕರೆಯುವ ಉಪ್ಪುಬಯಲುಗಳಲ್ಲಿ ಇದೇ ಆವಿಯಾಗುವಿಕೆ ಒಂದು ಸುಂದರ ವಸ್ತುವನ್ನೂ ಸೃಷ್ಟಿಸುತ್ತದೆ. ಮರಳಿನೊಳಗೆ ಜಿಪ್ಸಮ್ ಎಸಳುಗಳಂತೆ ಹರಳುಗಟ್ಟಿ ಮರುಭೂಮಿಯ ಗುಲಾಬಿಯಾಗುತ್ತದೆ. 2019ರ ಮಾರ್ಚಿನಲ್ಲಿ ತೆರೆದ ಕತಾರ್ ರಾಷ್ಟ್ರೀಯ ವಸ್ತುಸಂಗ್ರಹಾಲಯದ 539 ತಟ್ಟೆಗಳ ವಿನ್ಯಾಸಕ್ಕೆ ವಾಸ್ತುಶಿಲ್ಪಿ ಜೀನ್ ನೂವೆಲ್ ಆರಿಸಿಕೊಂಡದ್ದು ಈ ಗುಲಾಬಿಯನ್ನೇ. ಜೆಕ್ರೀತಿನ ಬಯಲಿನಲ್ಲಿ 2014ರಲ್ಲಿ ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ ಒಂದು ಕಿಲೋಮೀಟರಿಗೂ ಹೆಚ್ಚು ದೂರಕ್ಕೆ ನಾಲ್ಕು ಉಕ್ಕಿನ ಫಲಕಗಳನ್ನು ನೆಟ್ಟರು. ನೆಲ ಏರಿಳಿದರೂ ಫಲಕಗಳ ನೆತ್ತಿ ಒಂದೇ ಮಟ್ಟದಲ್ಲಿದೆ, ಸುತ್ತಲಿನ ಗುಡ್ಡಗಳ ನೆತ್ತಿಗೆ ಸರಿಯಾಗಿ. ಸವೆದುಹೋಗುವ ಮೊದಲು ನೆಲ ಎಷ್ಟು ಎತ್ತರದಲ್ಲಿತ್ತು ಎಂಬುದಕ್ಕೆ ಅವು ಅಳತೆಗೋಲಿನಂತಿವೆ. ಆ ಉಕ್ಕು ತುಕ್ಕುಹಿಡಿದು ಬಣ್ಣ ಬದಲಿಸುತ್ತಿರುವುದೂ ಶಿಥಿಲೀಕರಣವೇ.

ಉಪ್ಪು ಕಲಾಕೃತಿಗೆ ಮಾತ್ರವಲ್ಲ, ಚರಿತ್ರೆಗೂ ಸಂಬಂಧಿಸಿದ್ದು. ವಾಯುವ್ಯ ತೀರದ ಅಲ್ ಜುಬಾರಾ 18ನೆಯ ಶತಮಾನದಲ್ಲಿ ಮುತ್ತಿನ ವ್ಯಾಪಾರದಿಂದ ಬೆಳೆದ ಪಟ್ಟಣ. 1811ರಲ್ಲಿ ದಾಳಿಗೆ ತುತ್ತಾಗಿ, 20ನೆಯ ಶತಮಾನದ ಆರಂಭದಲ್ಲಿ ಪಾಳುಬಿದ್ದಿತು. ಅದನ್ನು 2013ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು, ಕತಾರಿಗೆ ಅದು ಮೊದಲನೆಯದು. ಸ್ಥಳೀಯ ಕಲ್ಲು, ಮಣ್ಣಿನ ಗಾರೆ, ಜಿಪ್ಸಮ್ ಗಿಲಾವಿನಿಂದ ಕಟ್ಟಿದ ಅದರ ಗೋಡೆಗಳನ್ನು ಮರಳು ಹೂತು ಕಾಪಾಡಿತ್ತು. ಉತ್ಖನನ ಮಾಡಿ ತೆರೆದೊಡನೆ ಉಪ್ಪು ಮತ್ತು ಗಾಳಿ ತಮ್ಮ ಕೆಲಸ ಆರಂಭಿಸುತ್ತವೆ. ತೆರೆದರೆ ಸವೆಯುತ್ತದೆ, ಮುಚ್ಚಿದರೆ ಕಾಣುವುದಿಲ್ಲ. ಆದ್ದರಿಂದ ಅಲ್ಲಿನ ಸಂರಕ್ಷಣೆ ಎಂದೂ ಮುಗಿಯದ ಕೆಲಸ.

ಗಡಿಯಿಲ್ಲದ ಧೂಳು

2022ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇರಾಕಿನಲ್ಲಿ ಒಂದರ ಹಿಂದೊಂದು ಧೂಳಿನ ಬಿರುಗಾಳಿಗಳೆದ್ದು ಸಾವಿರಾರು ಜನ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಶಮಾಲ್ ಹೊತ್ತು ತರುವ ಧೂಳಿನಲ್ಲಿ ಟೈಗ್ರಿಸ್, ಯೂಫ್ರೆಟಿಸ್ ಬಯಲಿನ ಪಾಲು ದೊಡ್ಡದು. ಆ ನದಿಗಳ ಮೇಲ್ಭಾಗದ ಅಣೆಕಟ್ಟುಗಳು, 1990ರ ದಶಕದಲ್ಲಿ ದಕ್ಷಿಣ ಇರಾಕಿನ ಜೌಗುಪ್ರದೇಶವನ್ನು ಬತ್ತಿಸಿದ್ದು, ಮರುಕಳಿಸುವ ಬರ ಇವೆಲ್ಲ ಸೇರಿ ಒಂದು ಕಾಲದ ಮೆಕ್ಕಲು ಮಣ್ಣನ್ನು ಧೂಳಾಗಿಸಿವೆ. ಅಲ್ಲಿನ ಮಣ್ಣಿನ ಸವಕಳಿ ಇಲ್ಲಿನ ಮಕ್ಕಳ ಉಬ್ಬಸವಾಗುತ್ತದೆ. ದೋಹಾದ ಪಶ್ಚಿಮಕ್ಕಿರುವ ಅಲ್ ಖರ್ಸಾ ಸೌರ ವಿದ್ಯುತ್ ಸ್ಥಾವರ 2022ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. 800 ಮೆಗಾವಾಟ್ ಸಾಮರ್ಥ್ಯದ ಅದರ ಫಲಕಗಳ ಮೇಲಿನ ಧೂಳನ್ನು ಯಂತ್ರಮಾನವರು ಒರೆಸಬೇಕಾಗುತ್ತದೆ. ತೈಲ, ಅನಿಲದ ಬದಲಿಗೆ ಬಿಸಿಲನ್ನು ನೆಚ್ಚುವ ಯೋಜನೆಗೂ ಸವೆತ ತನ್ನ ಸುಂಕ ವಿಧಿಸುತ್ತದೆ.

ವಿಶ್ವಸಂಸ್ಥೆ 2025ರಿಂದ 2034ರವರೆಗಿನ ಅವಧಿಯನ್ನು ಮರಳು ಮತ್ತು ಧೂಳಿನ ಬಿರುಗಾಳಿಗಳನ್ನು ಎದುರಿಸುವ ದಶಕವೆಂದು ಘೋಷಿಸಿದೆ. ಧೂಳಿಗೆ ಪರಿಹಾರವೆಂದರೆ ಅಂತಿಮವಾಗಿ ಮೇಲ್ಹರಿವಿನ ದೇಶ ಮತ್ತು ಕೆಳಹರಿವಿನ ದೇಶಗಳ ನಡುವಣ ನೀರಿನ ಒಪ್ಪಂದ. ಕಾವೇರಿ, ಕೃಷ್ಣೆಯರ ವಿವಾದಗಳನ್ನು ಕಂಡ ನಮಗೆ ಅಂಥ ಒಪ್ಪಂದ ಎಷ್ಟು ಕಠಿಣವೆಂಬುದು ತಿಳಿಯದ ವಿಷಯವಲ್ಲ.

ತಾಯ್ನಾಡಿನ ಕಡೆಗೆ ಒಂದು ನೋಟ

ಇದೆಲ್ಲ ಅರಬ್ ನಾಡಿನ ಕಥೆ, ನಮಗೇನು ಎನ್ನುವವರಿಗೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಮಳೆಯಿಂದ ಯುಗಾಂತರಗಳಲ್ಲಿ ಕೊಳೆತು ಆಳವಾದ ಮಣ್ಣಾಗಿರುವ ಪಶ್ಚಿಮ ಘಟ್ಟದ ತಪ್ಪಲಿನ ಶಿಲೆಯನ್ನು ಹಿಡಿದಿಡುವುದು ಅದರ ಇಳಿಜಾರು ಮತ್ತು ಗಿಡಮರಗಳ ಬೇರು. ರಸ್ತೆ ಅಗಲಿಸಲು ಬುಡವನ್ನು ಕಡಿದಾದಾಗಿ ಕತ್ತರಿಸಿದಾಗ ನಿಧಾನವಾಗಿದ್ದ ಸವೆತ ಕ್ಷಣಾರ್ಧದ ಕುಸಿತವಾಗುತ್ತದೆ. ಎರಡನೆಯದು ತುಂಗಭದ್ರಾ ಜಲಾಶಯ. 1953ರ ಸುಮಾರಿಗೆ 132 ಟಿಎಂಸಿಗೂ ಹೆಚ್ಚಿದ್ದ ಅದರ ಸಂಗ್ರಹ ಸಾಮರ್ಥ್ಯ ಈಗ ಸುಮಾರು 105.8 ಟಿಎಂಸಿ. ಉಳಿದ ಜಾಗವನ್ನು ಜಲಾನಯನ ಪ್ರದೇಶದಿಂದ ಕೊಚ್ಚಿ ಬಂದ ಹೂಳು ತುಂಬಿದೆ. ಮೇಲಿನವರ ಹೊಲದ ಖರ್ಚು ಕೆಳಗಿನವರ ನೀರಿನ ಕೊರತೆಯಾಗಿ ಜಮೆಯಾಗಿದೆ.

ಮಾಡಬಹುದಾದದ್ದು

ಸವೆತವನ್ನು ನಿಲ್ಲಿಸಲು ಯಾರಿಂದಲೂ ಆಗದು, ನಿಲ್ಲಿಸುವ ಅಗತ್ಯವೂ ಇಲ್ಲ. ಅದು ಇಲ್ಲದಿದ್ದರೆ ರೌದಾದಲ್ಲಿ ಮಣ್ಣಿರುತ್ತಿರಲಿಲ್ಲ, ತುಂಗಭದ್ರೆಯ ದಡದಲ್ಲಿ ಭತ್ತದ ಗದ್ದೆಯೂ ಇರುತ್ತಿರಲಿಲ್ಲ. ಬೇಕಾಗಿರುವುದು ಅದರ ದಾರಿಯನ್ನು ತಿಳಿದು ನಮ್ಮ ಕೆಲಸಗಳನ್ನು ಅದಕ್ಕೆ ಹೊಂದಿಸುವುದು. ಕತಾರಿನ ಮಟ್ಟಿಗೆ ನನಗೆ ಮೂರು ವಿಷಯಗಳು ಸ್ಪಷ್ಟವಾಗಿ ಕಾಣುತ್ತವೆ. ನಗರದೊಳಗೆ ಇನ್ನೂ ಉಳಿದಿರುವ ರೌದಾಗಳನ್ನು ಕಟ್ಟಡಕ್ಕೆ ಬಿಡದೆ ತೆರೆದ ಮೈದಾನವಾಗಿ, ಮಳೆನೀರು ಇಂಗುವ ತಾಣವಾಗಿ ಉಳಿಸುವುದು ಎಷ್ಟೇ ದೊಡ್ಡ ಸುರಂಗಕ್ಕಿಂತ ಅಗ್ಗ. ಜಿಪ್ಸಮ್ ಪದರವಿರುವ ಕಡೆ ಕೊಳವೆಗಳ ಸೋರಿಕೆಯನ್ನು ಕೇವಲ ನೀರಿನ ನಷ್ಟವೆಂದು ಲೆಕ್ಕಿಸದೆ ಬುನಾದಿಯ ಸುರಕ್ಷತೆಯ ಪ್ರಶ್ನೆಯಾಗಿ ಪರಿಗಣಿಸಬೇಕು. ಮರಳನ್ನು ಮತ್ತೆ ಹುಟ್ಟದ ಖನಿಜವೆಂದು ತಿಳಿದು, ಕೆಡವಿದ ಕಟ್ಟಡಗಳ ಕಾಂಕ್ರೀಟನ್ನು ಪುಡಿಮಾಡಿ ಮರುಬಳಸುವುದನ್ನು ಹೆಚ್ಚಿಸಬೇಕು.

ವಲಸಿಗರಾದ ನಮಗೆ ಇಲ್ಲಿ ನೀತಿ ರೂಪಿಸುವ ಅಧಿಕಾರವಿಲ್ಲ. ಆದರೆ ಬಾಡಿಗೆ ಮನೆ ಹುಡುಕುವಾಗ ಬಡಾವಣೆಯ ಹೆಸರಿನ ಅರ್ಥವನ್ನು ಅರಬ್ಬಿ ಬಲ್ಲ ಸಹೋದ್ಯೋಗಿಯೊಬ್ಬರಲ್ಲಿ ಕೇಳುವುದಕ್ಕೆ ಯಾವ ಅಧಿಕಾರವೂ ಬೇಡ. ಊರಿನಲ್ಲಿ ನಿವೇಶನ ಕೊಳ್ಳಲು ದೂರದಿಂದ ಹಣ ಕಳುಹಿಸುವವರು ನಮ್ಮಲ್ಲಿ ಬಹುಮಂದಿ. ಆ ನಿವೇಶನ ಹಳೆಯ ಕಂದಾಯ ನಕ್ಷೆಯಲ್ಲಿ ಕೆರೆಯಂಗಳವೇ, ರಾಜಕಾಲುವೆಯೇ, ಗುಡ್ಡದ ಕಡಿದ ಅಂಚೇ ಎಂದು ಹಣ ಕೊಡುವ ಮೊದಲೇ ನೋಡುವುದು ನಮ್ಮ ಕೈಯಲ್ಲಿಯೇ ಇದೆ.